ಸೊನ್ನಲಿಗೆಯ ಕೆರೆ

ಇಂದಿನ ಸೊಲ್ಲಾಪುರವೇ ಶರಣರ ಕಾಲದ ಸೊನ್ನಲಿಗೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ನಗರವು ಕನ್ನಡ ನಾಡಿನ ಹೊರಗುಳಿಯಿತು. ಆದರೆ ಅಲ್ಲಿಯ ಕೆರೆಯನ್ನು ಬಿಟ್ಟು ಕನ್ನಡದ ಸಾಹಿತ್ಯಚರಿತ್ರೆಯನ್ನು ಹೇಳುವಂತಿಲ್ಲ. ಕೋಟೆಯ ಮಗ್ಗುಲಲ್ಲಿ ಹರಡಿ, ನಡುವೆ ಸಿದ್ಧೇಶ್ವರ ದೇವಾಲಯವನ್ನು ಒಳಗೊಂಡಿರುವ ಆ ಜಲಾಶಯವು ನಿಸರ್ಗದತ್ತವಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಮುಂದೆ ನಿಂತು ತೋಡಿಸಿದುದೆಂಬುದು ಪರಂಪರೆಯ ಮಾತು.

ಈ ಒಂದು ಕೆರೆಯನ್ನು ನಮ್ಮ ಎರಡು ಗ್ರಂಥಗಳು ಎರಡು ಬಗೆಯಾಗಿ ಕಂಡಿವೆ. ಹರಿಹರನ ಸೋದರಳಿಯನಾದ ರಾಘವಾಂಕನು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಅದನ್ನು ಪುಣ್ಯಕಾರ್ಯವೆಂದೇ ಬಣ್ಣಿಸುತ್ತಾನೆ. ಶ್ರೀಶೈಲದಿಂದ ಮರಳಿದ ಯೋಗಿಯು ತನ್ನೂರನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡಲೆಳಸುವುದು ಅಲ್ಲಿಯ ವಸ್ತು. ಶೂನ್ಯಸಂಪಾದನೆಯಲ್ಲಾದರೋ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದವರೇ “ಒಡ್ಡರಾಮ”ನೆಲ್ಲಿ ಎಂದು ಕೇಳುತ್ತಾರೆ! ಗುರುನಿಂದೆಯನ್ನು ಸಹಿಸದ ಕೆಲಸಗಾರರು ಕಲ್ಲೆಸೆಯುತ್ತಾರೆ. ಸಿದ್ಧರಾಮರ ಕೋಪವೂ ಕೆರಳುತ್ತದೆ. ಆ ಕೋಪ ತಣಿದ ಮೇಲೆ ಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆದೊಯ್ಯುತ್ತಾರೆ, ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯಾಗುತ್ತದೆ.

ಈ ಪ್ರಸಂಗವನ್ನೋದಿ, ಶರಣರು ಲೋಕೋಪಕಾರವನ್ನು ಹೀನವೆಂದೆಣಿಸಿದರೆಂದು ಹೇಳುವವರುಂಟು. ಅದು ಅವಸರದ ತೀರ್ಮಾನ. ಕಾಯಕವನ್ನು ಕೈಲಾಸವೆಂದ ಪರಂಪರೆಯು ಮಣ್ಣು ಹೊರುವುದನ್ನು ಹಳಿಯುವುದೆಂತು? ಪ್ರಭುಗಳು ಚುಚ್ಚಿದುದು ಕೆರೆಯನ್ನಲ್ಲ, ‘ನಾನು ಕಟ್ಟಿಸಿದೆ’ ಎಂಬ ಭಾವವನ್ನು. ಕೋಪವೇ ಆ ಭಾವಕ್ಕೆ ಸಾಕ್ಷಿಯಾಯಿತು. ಮುಂದೆ ಅದೇ ಸಿದ್ಧರಾಮರು ಶೂನ್ಯಪೀಠವನ್ನೇರಿದರೆಂಬುದನ್ನೂ ಮರೆಯಲಾಗದು. ಆದರೂ ಒಂದು ಮಾತು: ಕಲ್ಲೆಸೆದ ಆ ಕೈಗಳೇ ಕೆರೆಯನ್ನೂ ಅಗೆದವು, ಅವರ ಹೆಸರುಗಳನ್ನು ಕವಿಯೂ ಬರೆಯಲಿಲ್ಲ, ಸಂಪಾದನಕಾರರೂ ಬರೆಯಲಿಲ್ಲ.

ನಗರವು ಬೆಳೆದಂತೆ ಅದರ ನೀರಿನ ಹೊರೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಮೀಪದಲ್ಲೇ ಕಟ್ಟಿದ ಎಕರೂಖ ಕೆರೆಯೂ, ಅನಂತರ ಭೀಮಾ ನದಿಯ ಉಜನಿ ಜಲಾಶಯವೂ ಹೊತ್ತವು. ಹಳೆಯ ಕೆರೆಗೆ ಉಳಿದುದು ಭಕ್ತಿಯ ಪಾಲು. ಮಕರಸಂಕ್ರಾಂತಿಯ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳನ್ನು ಹೊತ್ತ ಭಕ್ತರು ಅದರ ದಂಡೆಗೆ ಬರುತ್ತಾರೆ.

ಹೀಯಾಳಿಕೆಯಾಗಿ ಬಂದ ಆ ‘ಒಡ್ಡ’ ಎಂಬ ಮಾತಿನ ಮುಂದಿನ ಚರಿತ್ರೆಯೂ ಸ್ವಾರಸ್ಯವಾದುದು. ಕಲ್ಲು-ಮಣ್ಣಿನ ಕೆಲಸವನ್ನೇ ಕುಲವೃತ್ತಿಯಾಗುಳ್ಳ ಭೋವಿ ಸಮುದಾಯದವರು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ.