ಉಳುಕೋ, ಮುರಿತವೋ?

1902ರಲ್ಲಿ ಲಿವರ್‌ಪೂಲಿನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಪಾದದ ಕಥೆ ಬರೆದರು. ಕೆಲವು ತಿಂಗಳ ಹಿಂದೆ ಕುಣಿಯುತ್ತಿದ್ದಾಗ, ಹಿಮ್ಮಡಿ ನೆಲದಿಂದ ಮೇಲೆದ್ದಿದ್ದ ಗಳಿಗೆಯಲ್ಲಿ, ಪಾದ ಹೊರಮಗ್ಗುಲಿಗೆ ಹೊರಳಿ ಒಳಗೆ ಏನೋ ಕಳಚಿಕೊಂಡಂತಾಗಿತ್ತು. ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು ಹರಿದಿರಬೇಕು ಎಂದುಕೊಂಡರು. ಎಕ್ಸ್‌ರೇ ಬೇರೆಯದನ್ನೇ ತೋರಿಸಿತು. ಕಿರುಬೆರಳಿಗೆ ಸೇರುವ ಉದ್ದನೆಯ ಮೂಳೆ ಬುಡದ ಹತ್ತಿರ ಮುರಿದಿತ್ತು. ಆ ಮುರಿತಕ್ಕೆ ಇಂದಿಗೂ ‘ಜೋನ್ಸ್ ಫ್ರ್ಯಾಕ್ಚರ್’ ಎಂದೇ ಹೆಸರು.

ಎಲುಬು ನೋಡುವುದೇ ವೃತ್ತಿಯಾಗಿದ್ದವರು, ತಮ್ಮ ಪಾದವನ್ನೇ ಕೈಯಲ್ಲಿ ಹಿಡಿದು ನೋಡಿಕೊಂಡರೂ, ಒಳಗೆ ಹರಿದಿದೆಯೋ ಮುರಿದಿದೆಯೋ ಹೇಳಲಾಗಲಿಲ್ಲ. ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ ಏಳು ವರ್ಷ. ಅದಕ್ಕೂ ಮುಂಚೆ ಎಷ್ಟು ಪಾದಗಳು ‘ಬರೀ ಉಳುಕು’ ಅನ್ನಿಸಿಕೊಂಡು ಸೊಟ್ಟಗೆ ಕೂಡಿಕೊಂಡವೋ!

ಆ ‘ಬರೀ ಉಳುಕು’ ಎಂಬ ಮಾತಿನ ಮುಂದೆಯೇ ಸ್ವಲ್ಪ ನಿಲ್ಲೋಣ. ವೈದ್ಯಕೀಯ ಬರಹವನ್ನು ಕನ್ನಡಕ್ಕೆ ತರುವಾಗ ನನಗೆ ಪದೇ ಪದೇ ಎದುರಾಗುವ ತೊಡಕು ಇದು. ಮೂಳೆಗೂ ಮೂಳೆಗೂ ನಡುವಿನ ಕಟ್ಟು, ಅಂದರೆ ಲಿಗಮೆಂಟ್, ಎಳೆದರೆ ಅಥವಾ ಹರಿದರೆ ಇಂಗ್ಲಿಷಿನಲ್ಲಿ ಸ್ಪ್ರೇನ್. ಸ್ನಾಯುವಿಗೆ ಪೆಟ್ಟಾದರೆ ಸ್ಟ್ರೇನ್. ನಮ್ಮಲ್ಲಿ ಕಾಲೂ ಉಳುಕುತ್ತದೆ, ಕತ್ತೂ ಉಳುಕುತ್ತದೆ, ಸೊಂಟವೂ ಉಳುಕುತ್ತದೆ. ಉಳುಕು ಎನ್ನುವುದು ಏನಾಯಿತು ಎಂದು ಹೇಳುತ್ತದೆಯೇ ಹೊರತು ಒಳಗೆ ಯಾವುದು ಕೆಟ್ಟಿದೆ ಎಂದು ಹೇಳುವುದಿಲ್ಲ. ಇದು ಭಾಷೆಯ ಬಡತನವೇನಲ್ಲ. ತೊಂದರೆ ಬರುವುದು ಹೆಸರನ್ನೇ ರೋಗನಿರ್ಣಯ ಎಂದುಕೊಂಡಾಗ. ‘ಉಳುಕು ತಾನೇ’ ಎಂದ ಮರುಕ್ಷಣ ಎಣ್ಣೆ ಬರುತ್ತದೆ, ನೀವಿ ಎಳೆದು ಉಳುಕು ತೆಗೆಯುವ ಕೈಗಳೂ ಬರುತ್ತವೆ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆಯೂ ಇದೆ. ಒಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಆ ಎಳೆತವೇ ಬಿರುಕನ್ನು ಬಾಯಿ ಬಿಡಿಸಬಹುದು.

ಹಿಂದಿನವರು ಈ ಗಾಯವನ್ನು ಹಗುರವಾಗಿ ಕಂಡಿರಲಿಲ್ಲ. ಪಾದವನ್ನು ಏರುಪೇರಾಗಿ ಊರಿದ್ದರಿಂದ ಹುಟ್ಟುವ ನೋವನ್ನು ಸುಶ್ರುತ ಸಂಹಿತೆ ‘ವಾತಕಂಟಕ’ ಎಂದು ಬೇರೆಯಾಗಿಯೇ ಹೆಸರಿಸುತ್ತದೆ. ಮೂಳೆ ಮುರಿತಕ್ಕೆ ಅತ್ತಿ, ಅರಳಿ, ಮುತ್ತುಗದ ತೊಗಟೆ ಮತ್ತು ಬಿದಿರಿನ ದಬ್ಬೆಗಳನ್ನು ಹೇಳುತ್ತದೆ. ಕಟ್ಟನ್ನು ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಹಿತವಾದ ಹವೆಯಲ್ಲಿ 5 ದಿನಕ್ಕೊಮ್ಮೆ, ಬಿಸಿಲುಗಾಲದಲ್ಲಿ 3 ದಿನಕ್ಕೊಮ್ಮೆ ಬದಲಿಸಬೇಕು. ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು. ಆಮೇಲಿನ ಮಾತು ಇನ್ನೂ ಸೊಗಸಾಗಿದೆ. ಅಂಗೈ ಮುರಿದು ಕೂಡಿಕೊಂಡವನು ಮೊದಲು ಮಣ್ಣಿನ ಮುದ್ದೆ ಹಿಡಿಯಬೇಕು, ಆಮೇಲೆ ಉಪ್ಪಿನ ಗಡ್ಡೆ, ಬಲ ಬಂದ ಮೇಲೆ ಕಲ್ಲು. ಕಟ್ಟುವುದಕ್ಕೂ ಒಂದು ಕಾಲ, ಭಾರ ಹೊರಿಸುವುದಕ್ಕೂ ಒಂದು ಕಾಲ.

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಈ ಎರಡು ಕಾಲಗಳು ಎರಡು ಪಂಥಗಳಾಗಿ ಒಡೆದವು. ಜೋನ್ಸ್‌ಗೆ ವಿದ್ಯೆ ಕಲಿಸಿದ ಬಂಧು ಹ್ಯೂ ಓವನ್ ಥಾಮಸ್, ತಲೆಮಾರುಗಳಿಂದ ಎಲುಬು ಕೂರಿಸುತ್ತಿದ್ದ ವೇಲ್ಸ್‌ನ ಮನೆತನದವರು. ಗಾಯಗೊಂಡ ಕೀಲಿಗೆ ಒತ್ತಾಯದ, ಎಡೆಬಿಡದ, ದೀರ್ಘ ವಿಶ್ರಾಂತಿ ಬೇಕು ಎಂಬುದು ಅವರ ಪಟ್ಟು. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಲ್ಯೂಕಾಸ್-ಶಾಂಪಿಯೊನಿಯೆರ್, ಚಲನೆಯೇ ಜೀವ ಎಂದು ವಾದಿಸಿ, ಮುರಿತಗಳನ್ನೂ ಮೆದುವಾದ ಮರ್ದನದಿಂದ ಮತ್ತು ಬೇಗನೆ ಅಲುಗಾಡಿಸುವುದರಿಂದ ವಾಸಿಮಾಡುವ ಬಗ್ಗೆ 1895ರಲ್ಲಿ ಪುಸ್ತಕವನ್ನೇ ಬರೆದರು. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ನಮ್ಮ ಶಾಲೆಯ ಆಟದ ಮೈದಾನಗಳಿಗೆ ಬಂದದ್ದು ವಿಶ್ರಾಂತಿ ಪಂಥದ ಮರಿ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ತಮ್ಮ ಕ್ರೀಡಾವೈದ್ಯದ ಪುಸ್ತಕದಲ್ಲಿ ‘ರೈಸ್’ ಎಂಬ ಸೂತ್ರ ಕೊಟ್ಟರು: ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲನ್ನು ಎತ್ತರದಲ್ಲಿ ಇಡುವುದು. ನೆನಪಿಡಲು ಸುಲಭವಾದ್ದರಿಂದ ಅದು ಜಗತ್ತು ಸುತ್ತಿತು. 2014ರಲ್ಲಿ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ಣ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡಮಾಡಬಹುದು ಎಂದು ಬರೆದರು. ಬಾವು ಎಂದರೆ ಶತ್ರುವಲ್ಲ, ದುರಸ್ತಿಗೆ ಬಂದ ಕೆಲಸಗಾರರ ಗುಂಪು ಎಂಬ ತಿಳಿವಳಿಕೆ ಅಷ್ಟರಲ್ಲಿ ಬಲವಾಗಿತ್ತು. ಹಾಗೆಂದು ಐಸ್ ಪೂರ್ತಿ ತಪ್ಪೇನಲ್ಲ. ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಆದರೆ ಅದು ನೋವಿಗೆ ಮದ್ದು, ಗಾಯಕ್ಕಲ್ಲ.

ಚಲನೆಯ ಪಂಥಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 1965ರಲ್ಲಿ, ಲಂಡನ್ನಿನ ಮೈಕೆಲ್ ಫ್ರೀಮನ್ ಮತ್ತು ಸಂಗಡಿಗರಿಂದ. ಎಡವಿದ ಕಾಲೇ ಮತ್ತೆ ಎಡವುತ್ತದೆ ಎನ್ನುತ್ತೇವಲ್ಲ, ಅದಕ್ಕೆ ಅವರು ಒಂದು ಕಾರಣ ಸೂಚಿಸಿದರು. ಲಿಗಮೆಂಟ್ ಬರೀ ಹಗ್ಗವಲ್ಲ. ಪಾದ ಯಾವ ಕೋನದಲ್ಲಿದೆ ಎಂದು ಸುದ್ದಿ ಮುಟ್ಟಿಸುವ ನರಗಳು ಅದರಲ್ಲಿವೆ. ಹಗ್ಗದ ಜೊತೆ ಆ ನರಗಳಿಗೂ ಪೆಟ್ಟಾಗುತ್ತದೆ. ಹಗ್ಗ ಕೂಡಿಕೊಂಡರೂ ಸುದ್ದಿ ತಡವಾಗುತ್ತದೆ, ಕಾಲು ಮತ್ತೆ ಹೊರಳುತ್ತದೆ. ಅವರು ಸೂಚಿಸಿದ ಮದ್ದು, ಅಲುಗಾಡುವ ಹಲಗೆಯ ಮೇಲೆ ನಿಂತು ಸಮತೋಲನ ಕಲಿಯುವುದು. ನೋವು ತಗ್ಗಿದ ಮೇಲೆ ಗೋಡೆಯ ಪಕ್ಕ ಒಂಟಿಕಾಲಲ್ಲಿ ಅರ್ಧ ನಿಮಿಷ ನಿಲ್ಲುವ ಅಭ್ಯಾಸದ ಹಿಂದಿರುವುದೂ ಇದೇ ತರ್ಕ. ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಇಷ್ಟಾದರೂ ಮೊದಲ ಪ್ರಶ್ನೆ ಉಳಿದೇ ಇತ್ತು: ಮುರಿದಿದೆಯೇ? ಎಕ್ಸ್‌ರೇ ಬಂದ ಮೇಲೆ ಕಾಲು ಹೊರಳಿ ಬಂದ ಹೆಚ್ಚುಕಡಿಮೆ ಎಲ್ಲರಿಗೂ ಅದನ್ನು ತೆಗೆಯುವುದು ರೂಢಿಯಾಯಿತು. ಅವರಲ್ಲಿ ಮುರಿತ ಕಾಣುತ್ತಿದ್ದದ್ದು ನೂರಕ್ಕೆ ಹದಿನೈದಕ್ಕಿಂತ ಕಡಿಮೆ ಮಂದಿಗೆ. ಕೆನಡಾದ ಒಟ್ಟಾವಾದಲ್ಲಿ ಇಯನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಒಂದು ಸರಳ ನಿಯಮ ಪ್ರಕಟಿಸಿದರು. ಅದಕ್ಕೆ ಬೇಕಾದದ್ದು ಬೆರಳು ಮತ್ತು ನಾಲ್ಕು ಹೆಜ್ಜೆ.

ನೋವು ಕಣಕಾಲಿನ ಕೀಲಿನಲ್ಲಿದ್ದರೆ, ಎರಡೂ ಬದಿಯಲ್ಲಿ ಉಬ್ಬಿರುವ ಮೂಳೆಯ ತುದಿಯನ್ನೂ, ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರಿನವರೆಗೆ ಅದರ ಹಿಂದಿನ ಅಂಚನ್ನೂ ಒತ್ತಿ ನೋಡಬೇಕು. ನೋವು ಪಾದದ ನಡುಭಾಗದಲ್ಲಿದ್ದರೆ ಒತ್ತಬೇಕಾದ ಜಾಗ ಎರಡು. ಒಳಬದಿಯಲ್ಲಿ, ಕೀಲಿಗೆ ತುಸು ಮುಂದೆ ಸಿಗುವ ದೋಣಿಯಾಕಾರದ ಮೂಳೆ. ಹೊರಬದಿಯಲ್ಲಿ, ಕಿರುಬೆರಳಿನ ಉದ್ದ ಮೂಳೆಯ ಬುಡ, ಅಂದರೆ ಕುಣಿಯುತ್ತಾ ಜೋನ್ಸ್ ಮುರಿದುಕೊಂಡ ಮೂಳೆಯದ್ದೇ. ಇವುಗಳಲ್ಲಿ ಎಲ್ಲಾದರೂ ಮೂಳೆಯ ಮೇಲೆಯೇ ನೋವಿದ್ದರೆ ಎಕ್ಸ್‌ರೇ ಬೇಕು. ಬಿದ್ದ ಕೂಡಲೂ, ವೈದ್ಯರ ಮುಂದೆಯೂ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಎರಡೂ ಇಲ್ಲವಾದರೆ ಮುರಿತವಿರುವ ಸಾಧ್ಯತೆ ತೀರ ಕಡಿಮೆ. ಮುಂದೆ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲೂ ನಿಯಮ ನಿಂತಿತು. ಆದರೆ ಅದನ್ನು ರೂಪಿಸಿದ್ದು ವಯಸ್ಕರಿಗಾಗಿ. ಮಕ್ಕಳು, ಕುಡಿದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರು ಇದನ್ನು ನಂಬಿ ಮನೆಯಲ್ಲಿ ಕೂರಬಾರದು.

ಕಾಲ್ಬೆರಳಿನದು ಬೇರೆ ಲೆಕ್ಕ. ಮಂಚದ ಕಾಲಿಗೆ ಎಡವಿ ಕಿರುಬೆರಳು ಮುರಿದರೂ, ನೇರವಾಗಿದ್ದರೆ, ನಡುವೆ ಹತ್ತಿ ಇಟ್ಟು ಪಕ್ಕದ ಬೆರಳಿಗೆ ಟೇಪಿನಿಂದ ಕಟ್ಟಿ, ಗಟ್ಟಿ ಅಟ್ಟೆಯ ಚಪ್ಪಲಿ ಹಾಕಿ ಕೆಲವು ವಾರ ಕಾಯುವುದೇ ಸಾಮಾನ್ಯ ಚಿಕಿತ್ಸೆ. ಹೆಬ್ಬೆರಳಿಗೆ ಈ ಸಲಿಗೆ ಇಲ್ಲ. ನಡೆಯುವಾಗ ಮೈಭಾರವನ್ನು ಮುಂದಕ್ಕೆ ತಳ್ಳುವುದು ಅದೇ. ಬೆರಳು ವಾಲಿದ್ದರೆ, ಜೋಮು ಹಿಡಿದಿದ್ದರೆ, ಚರ್ಮ ಒಡೆದಿದ್ದರೆ, ಯಾವ ಬೆರಳಾದರೂ ಅದೇ ದಿನ ತೋರಿಸಬೇಕು.

ಚೆನ್ನೈಯಲ್ಲಿರುವವರು ‘ಪುತ್ತೂರು ಕಟ್ಟು’ ಎಂಬ ಫಲಕಗಳನ್ನು ಕಂಡಿರುತ್ತೀರಿ. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ದಬ್ಬೆ, ಸೊಪ್ಪು, ಮೊಟ್ಟೆಯ ಲೋಳೆಯ ಆ ಕಟ್ಟಿನ ಮೇಲೆ ಜನ ಇಟ್ಟಿರುವ ನಂಬಿಕೆ ದೊಡ್ಡದು. ಅಲ್ಲಿಗೇ ಹೋಗುವುದಿದ್ದರೂ ಎಕ್ಸ್‌ರೇ ಬೇಕೇ ಎಂದು ಮೊದಲು ತಿಳಿದುಕೊಂಡು ಹೋಗಿ. ಯಾರು ಕಟ್ಟುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ಏನನ್ನು ಕಟ್ಟುತ್ತಿದ್ದಾರೆ ಎಂಬುದು ಮೊದಲನೆಯದು.