ಗಾಲಿಯೊಳಗಿನ ಗ್ರಾಮಫೋನು

ಆ ಸದ್ದು ನನಗೆ ಮೊದಲು ಕೇಳಿಸಿದ್ದು ಮಹಾಗಾಂವ್ ಕ್ರಾಸಿನಲ್ಲಿ. ಎದುರಿಗೆ ಎಮ್ಮೆಗಳ ಹಿಂಡು ಅಡ್ಡ ಬಂದಿತು. ಬ್ರೇಕಿನ ಮೇಲೆ ಕಾಲಿಟ್ಟೆ. ಗಾಡಿ ನಿಂತಿತು, ಆದರೆ ನಿಲ್ಲುವ ಮುಂಚೆ ಹಿಂದುಗಡೆಯಿಂದ ‘ಟಪ್’ ಎಂದಿತು. ಯಾರೋ ಬಾಗಿಲಿಗೆ ಅಂಗೈಯಿಂದ ಹೊಡೆದಂತಿತ್ತು. ಮತ್ತೆ ಹೊರಟು ಮತ್ತೆ ನಿಲ್ಲಿಸಿದೆ. ಮತ್ತೆ ‘ಟಪ್’.

ನಾನು ದಿನವೂ ಕಲಬುರಗಿಯಿಂದ ಕಮಲಾಪುರಕ್ಕೆ ಪಾಠ ಹೇಳಲು ಹೋಗಿಬರುವವನು. ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿ. ಮುಕ್ಕಾಲು ಗಂಟೆಯ ದಾರಿ. ನನ್ನ ಗಾಡಿ ನಮ್ಮ ತಂದೆಯವರು ೧೯೮೬ರಲ್ಲಿ ಕೊಂಡ ಅಂಬಾಸಿಡರು. ಅದನ್ನು ಮಾರಲು ಮನಸ್ಸಿಲ್ಲದೆ ಇಟ್ಟುಕೊಂಡಿದ್ದೇನೆ. ನನ್ನ ಜೊತೆಗೆ ಕಾಲೇಜಿನ ಮೂವರು ಸಹೋದ್ಯೋಗಿಗಳೂ ಕುಳಿತು ಬರುತ್ತಾರೆ. ಎರಡೇ ದಿನದ ಹಿಂದೆ ಊರಿನ ಒಂದು ಗ್ಯಾರೇಜಿನಲ್ಲಿ ಹಿಂದಿನ ಎರಡು ಗಾಲಿಗಳ ಬ್ರೇಕು ಬಿಚ್ಚಿಸಿ, ಹೊಸ ಲೈನರು ಹಾಕಿಸಿ, ಡ್ರಮ್ಮುಗಳನ್ನು ಖರಾದಿಗೆ ಕೊಟ್ಟು ಕೆತ್ತಿಸಿ ತಂದಿದ್ದೆ. ದುಡ್ಡು ಕೊಟ್ಟು ಸದ್ದನ್ನು ಕೊಂಡಂತಾಯಿತು. ಗ್ಯಾರೇಜಿನವರಿಗೆ ಫೋನು ಮಾಡಿದರೆ, ‘ಹೊಸ ಲೈನರ್ ಅದ ಸರ, ಕೂಡಬೇಕು, ಎಂಟು ದಿನ ಓಡಸ್ರಿ’ ಎಂದರು. ಎಂಟು ದಿನ! ನಮ್ಮ ಇತಿಹಾಸದ ಮೇಡಮ್ಮು ಮೂರನೆಯ ದಿನವೇ ಬಸ್ಸು ಹಿಡಿದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿರುವವರು ಸದ್ದು ಮಾಡುವ ಬ್ರೇಕನ್ನು ನಂಬಿ ಹೆದ್ದಾರಿಯಲ್ಲಿ ಕೂರಬೇಕೆಂದು ನಾನು ಯಾವ ಮುಖದಿಂದ ಕೇಳಲಿ?

ಅಂದಿನ ರಾತ್ರಿ ನಿದ್ರೆ ಬಾರದೆ ಬ್ರೇಕಿನ ಪೂರ್ವೋತ್ತರವನ್ನು ಓದುತ್ತ ಕುಳಿತೆ. ಮೇಷ್ಟರ ಜಾತಿಯೇ ಅಂಥದು. ರೋಗ ಬಂದರೆ ವೈದ್ಯನಿಗಿಂತ ಮೊದಲು ಪುಸ್ತಕವನ್ನು ಹುಡುಕುತ್ತದೆ.

ನಮ್ಮ ಹಳೆಯ ಸಾಹಿತ್ಯದಲ್ಲಿ ಬಂಡಿಗೆ ಕೊರತೆಯಿಲ್ಲ. ಹಿಂದಿನ ಗುಲ್ಬರ್ಗಾ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನು ಒಂದು ವಚನದಲ್ಲಿ ಬಂಡಿಯ ಕಡೆಗೀಲನ್ನೇ ಉಪಮೆಗೆ ತಂದಿದ್ದಾನೆ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಆ ಸಣ್ಣ ಕೀಲು ಆತನ ಕಣ್ಣಿಗೆ ಬಿದ್ದಿತು. ಆದರೆ ಬಂಡಿಯನ್ನು ನಿಲ್ಲಿಸುವ ಸಾಧನಕ್ಕೆ ಅಷ್ಟು ಒಳ್ಳೆಯ ಕನ್ನಡ ಹೆಸರು ನನಗೆ ದೊರೆಯಲಿಲ್ಲ. ನಮ್ಮ ಬಯಲುಸೀಮೆಯ ಬಂಡಿಯನ್ನು ಬಹುಮಟ್ಟಿಗೆ ಎತ್ತುಗಳೇ ತಮ್ಮ ಹೆಗಲಿನಿಂದ ಹಿಮ್ಮೆಟ್ಟಿ ತಡೆಯುತ್ತಿದ್ದವು. ಇಳಿಜಾರು ಬಂದರೆ ಬಂಡಿ ಹೊಡೆಯುವವನು ಕೆಳಗಿಳಿದು ಗಾಲಿಗೆ ಕಟ್ಟಿಗೆಯ ತುಂಡನ್ನು ಒತ್ತುತ್ತಿದ್ದ. ನಾನೇ ಚಿಕ್ಕಂದಿನಲ್ಲಿ ಅಜ್ಜನ ಊರಿನಲ್ಲಿ ಕಂಡಿದ್ದೇನೆ. ಪ್ರಾಣಿಯೇ ಬ್ರೇಕಾಗಿರುವಾಗ ಬೇರೆ ಪದವೇಕೆ?

ಪ್ರಾಣಿ ಹೋಗಿ ಯಂತ್ರ ಬಂದಾಗಲೇ ಪೇಚು ಹುಟ್ಟಿದ್ದು. ೧೮೮೮ರಲ್ಲಿ ಜರ್ಮನಿಯ ಬೆರ್ತಾ ಬೆನ್ಜ್ ಎಂಬ ಗೃಹಿಣಿ, ಗಂಡ ಕಾರ್ಲ್ ಬೆನ್ಜ್ ಕಟ್ಟಿದ ಮೋಟಾರು ಬಂಡಿಯನ್ನು ಆತನಿಗೆ ತಿಳಿಸದೆ ಹೊರಡಿಸಿಕೊಂಡು, ಇಬ್ಬರು ಮಕ್ಕಳೊಂದಿಗೆ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೋದಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕುಕಟ್ಟೆ ಸವೆದುಹೋಯಿತು. ಆಕೆ ದಾರಿಯ ಒಂದು ಹಳ್ಳಿಯಲ್ಲಿ ಮೋಚಿಯನ್ನು ಹುಡುಕಿ ಆ ಕಟ್ಟೆಗೆ ತೊಗಲು ಹೊಡೆಸಿಕೊಂಡಳು. ಇಂದು ನಾವು ಲೈನರು ಎನ್ನುವುದರ ಮೂಲ ಅದು. ಇದಾದ ಒಂಬತ್ತು ವರ್ಷಕ್ಕೆ, ೧೮೯೭ರಲ್ಲಿ, ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಳಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನು, ಕುದುರೆಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ಮರಕ್ಕೆ ಹಳೆಯ ಬೂಟುಗಳನ್ನು ಕಟ್ಟುವುದನ್ನು ನೋಡಿ ಇದನ್ನೇ ಕಸುಬು ಮಾಡಿದನೆಂದು ಹೇಳುತ್ತಾರೆ. ಆತನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ಹುಟ್ಟಿದ್ದೇ ಫೆರೋಡೊ ಎಂಬ ಹೆಸರು. ನಮ್ಮ ದಾರಿ ಹುಮನಾಬಾದನ್ನು ದಾಟಿ ಕಲ್ಯಾಣಕ್ಕೆ, ಹರಳಯ್ಯನ ಊರಿಗೆ ಸಾಗುತ್ತದೆ. ಮೋಟಾರಿನ ಬ್ರೇಕಿಗೂ ಮೊದಲ ಋಣ ಚಪ್ಪಲಿ ಹೊಲಿಯುವ ಕೈಯದೇ ಎಂದು ಓದಿದಾಗ ನನಗೆ ಆ ನೆನಪಾಗದೆ ಇರಲಿಲ್ಲ.

೧೯೦೨ರ ವರ್ಷ ಬ್ರೇಕಿನ ಪಾಲಿಗೆ ದೊಡ್ಡದು. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ರೂಪ ಕೊಟ್ಟನು. ಇಂಗ್ಲೆಂಡಿನ ಲ್ಯಾಂಚೆಸ್ಟರನು ಡಿಸ್ಕ್ ಬ್ರೇಕಿನ ಹಕ್ಕನ್ನು ಪಡೆದನು. ಲ್ಯಾಂಚೆಸ್ಟರನದು ಕೂಡಲೇ ಜನಪ್ರಿಯವಾಗದಿರಲು ಒಂದು ಕಾರಣ, ನಂಬಿದರೆ ನಂಬಿ, ಸದ್ದು! ತಾಮ್ರದ ಪಟ್ಟಿ ಲೋಹದ ತಟ್ಟೆಗೆ ಉಜ್ಜಿ ಕಿರ್ರೆಂದು ಚೀರುತ್ತಿತ್ತು. ಐದಾರು ವರ್ಷಗಳ ಮೇಲೆ ಫ್ರೂಡನೇ ಅದಕ್ಕೆ ಉಪಾಯ ಹುಡುಕಿದ. ಕಲ್ನಾರನ್ನು, ಎಂದರೆ ಆಸ್ಬೆಸ್ಟಾಸನ್ನು, ಲೈನರಿಗೆ ಬಳಸಿದ. ಸದ್ದು ಅಡಗಿತು, ಶಾಖಕ್ಕೂ ಅದು ಜಗ್ಗಲಿಲ್ಲ. ಈ ಉಪಾಯದ ಬೆಲೆಯ ಮಾತು ಮುಂದೆ ಬರುತ್ತದೆ. ೧೯೨೧ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಗಾಲಿಗಳಿಗೂ ಎಣ್ಣೆಯ ಒತ್ತಡದ ಬ್ರೇಕು ಬಂದಿತು. ನನ್ನ ಅಂಬಾಸಿಡರು ಆ ಸಂತತಿಯದು.

ನಮ್ಮ ಸೀಮೆಗೆ ಈ ವಿದ್ಯೆ ಬಂದದ್ದು ಹೈದರಾಬಾದಿನ ದಾರಿಯಿಂದ. ೧೯೩೨ರಲ್ಲಿ ನಿಜಾಮ ರಾಜ್ಯದ ರೈಲ್ವೆಯು ತನ್ನ ಅಂಗವಾಗಿಯೇ ೨೭ ಬಸ್ಸು, ೧೬೬ ನೌಕರರೊಡನೆ ರಸ್ತೆಸಾರಿಗೆಯನ್ನು ಆರಂಭಿಸಿತು. ಗುಲ್ಬರ್ಗಾ ಆಗ ಆ ರಾಜ್ಯದ ಜಿಲ್ಲೆ. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಗ್ಯಾರೇಜಿನ ಭಾಷೆ ರಾಜ್ಯ ಬದಲಾಯಿತೆಂದು ಬದಲಾಗಲಿಲ್ಲ. ಇಂದಿಗೂ ನಮ್ಮಲ್ಲಿ ಹಿರಿಯ ಮೆಕ್ಯಾನಿಕ್ಕನು ಉಸ್ತಾದ್, ಲೇತು ಖರಾದು, ತಿರುಪಿನ ಗೆರೆ ಚೂಡಿ. ಕನ್ನಡ ಪಾರಿಭಾಷಿಕ ಪದಗಳ ಸಮಿತಿಗಳು ಏನು ಹೇಳಿದರೂ ಸರಿ, ಈ ಪದಗಳಿಲ್ಲದೆ ಕಲಬುರಗಿಯಲ್ಲಿ ಒಂದು ಬೋಲ್ಟೂ ಬಿಚ್ಚಲಾರದು.

ಮರುದಿನ ಕಾಲೇಜು ಬಿಟ್ಟಮೇಲೆ ಕಮಲಾಪುರದಲ್ಲೇ, ಕೆಂಪು ಬಾಳೆಹಣ್ಣು ಮಾರುವ ಅಂಗಡಿಗಳ ಆಚೆಗಿದ್ದ ಒಬ್ಬ ಉಸ್ತಾದರ ಬಳಿಗೆ ಗಾಡಿ ಒಯ್ದೆ. ವಯಸ್ಸು ಎಪ್ಪತ್ತರ ಹತ್ತಿರ, ಮಾತಿಗೊಮ್ಮೆ ಕೆಮ್ಮು. ಗಾಡಿಯನ್ನು ಮುಟ್ಟುವ ಮೊದಲು ಅವರು ಕೇಳಿದ ಪ್ರಶ್ನೆ ನನ್ನನ್ನು ತಬ್ಬಿಬ್ಬುಗೊಳಿಸಿತು.

‘ಕಿರ್ ಅಂತದೋ, ಗರ್ ಅಂತದೋ, ಟಕ್ ಅಂತದೋ, ಟಪ್ ಅಂತದೋ, ಸರ?’

ಕೇಶಿರಾಜನನ್ನು ಪಾಠ ಹೇಳುವ ನನಗೆ ಅನುಕರಣ ಶಬ್ದಗಳಿಗೆ ಇಷ್ಟು ಬೆಲೆಯಿದೆಯೆಂದು ಗೊತ್ತಿರಲಿಲ್ಲ. ಕಿರ್ರೆಂದರೆ ಲೈನರು ನಡುಗುತ್ತಿದೆ. ಗರಗರ ಎಂದರೆ ಲೈನರು ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ಅಂಥ ಗಾಡಿಯನ್ನು ಮುಂದೆ ಓಡಿಸಕೂಡದು. ಟಕ್ಕೆಂದರೆ ಏನೋ ಸಡಿಲವಾಗಿದೆ. ಡಿಸ್ಕಿನ ಹೊಸ ಗಾಡಿಗಳಲ್ಲಿ ಪ್ಯಾಡನ್ನು ಹಿಡಿಯುವ ತೆಳ್ಳನೆಯ ಕ್ಲಿಪ್ಪನ್ನು ಅವಸರದ ಹುಡುಗರು ಹಾಕಲು ಮರೆತರೆ ಈ ಟಕ್ಕು ಬರುತ್ತದಂತೆ. ಹಿಂದಕ್ಕೆ ಸರಿಸಿ ಮುಂದಕ್ಕೆ ಹೋಗುವಾಗ ಒಂದೇ ಒಂದು ಸಲ ಬಂದು ಅಡಗುವ ಟಕ್ಕಿಗೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲ. ಪ್ಯಾಡು ತನ್ನ ಮನೆಯಲ್ಲಿ ಮಗ್ಗುಲು ಬದಲಿಸಿತು, ಅಷ್ಟೆ.

‘ಟಪ್’ ಎಂದೆ.

‘ಬ್ರೇಕ್ ಹೊಡದಾಗಷ್ಟೇ? ತಗ್ಗಿನಾಗ ಇಳದಾಗ ಇಲ್ಲ?’

‘ಬ್ರೇಕು ಹೊಡೆದಾಗ ಮಾತ್ರ, ಉಸ್ತಾದ್.’

‘ಹಂಗಾರ ಬುಶ್ಶು, ಪಟ್ಟಾ ಅಲ್ಲ ಬಿಡ್ರಿ.’

ಮೊದಲು ಗಾಲಿಯ ನಟ್ಟುಗಳನ್ನು ಬಿಗಿಯಾಗಿವೆಯೇ ಎಂದು ನೋಡಿದರು. ಇದನ್ನು ನೋಡದೆ ಬೇರೆ ಮಾತಾಡುವವನು ಮೆಕ್ಯಾನಿಕ್ಕನೇ ಅಲ್ಲವಂತೆ. ಆಮೇಲೆ ನನ್ನನ್ನು ಕೂರಿಸಿ ನಡಿಗೆಯ ವೇಗದಲ್ಲಿ ಗಾಡಿ ಬಿಡಿಸಿ, ತಾವು ಹಿಂದಿನ ಗಾಲಿಯ ಪಕ್ಕದಲ್ಲಿ ಬಾಗಿ ನಡೆದರು. ಬ್ರೇಕು ತುಳಿದರೆ ಎಡಗಾಲಿಯಲ್ಲಿ ಟಪ್, ಬಲಗಾಲಿ ಸುಮ್ಮನೆ. ಬಳಿಕ ಗಾಡಿಯನ್ನು ಹಿಂದಕ್ಕೆ ಸರಿಸಲು ಹೇಳಿದರು. ಈಗ ಬಲಗಾಲಿಯಲ್ಲಿ ಟಪ್, ಎಡಗಾಲಿ ಸುಮ್ಮನೆ! ನನಗೆ ಇದು ಭೂತಚೇಷ್ಟೆಯಂತೆ ಕಂಡಿತು. ಉಸ್ತಾದರು ಮಾತ್ರ ನಕ್ಕರು.

‘ಚೂಡಿ ಬಿದ್ದದ ಸರ. ಖರಾದಿಯವ ಗಡಿಬಿಡಿ ಮಾಡ್ಯಾನ.’

ಡ್ರಮ್ಮು ಕಳಚಿ ಒಳಗೋಡೆಯ ಮೇಲೆ ನನ್ನ ಉಗುರನ್ನು ಅಡ್ಡಡ್ಡ ಎಳೆಸಿದರು. ಕಣ್ಣಿಗೆ ನುಣ್ಣಗೆ ಕಂಡದ್ದು ಉಗುರಿಗೆ ಗೆರೆಗೆರೆಯಾಗಿ ತಾಕಿತು. ಅಜ್ಜನ ಮನೆಯ ಗ್ರಾಮಫೋನು ತಟ್ಟೆ ನೆನಪಾಯಿತು. ಖರಾದಿಯ ಉಳಿಯನ್ನು ಬೇಗ ಬೇಗ ಸರಿಸಿದರೆ ತಿರುಗುವ ಡ್ರಮ್ಮಿನಲ್ಲಿ ಸುರುಳಿಗೆರೆ ಮೂಡುತ್ತದೆ. ಆ ಗೆರೆಯಲ್ಲಿ ಗ್ರಾಮಫೋನಿನ ಮುಳ್ಳು ಸಾಗಿದ ಹಾಗೆ ಬ್ರೇಕಿನ ಶೂ ಸಾಗುತ್ತದೆ. ಮುಳ್ಳಾದರೋ ಹಾಡಿನ ಕೊನೆಯವರೆಗೆ ಹೋಗುತ್ತದೆ. ಶೂವಿಗೆ ಆ ಸ್ವಾತಂತ್ರ್ಯವಿಲ್ಲ. ಅದು ತನ್ನ ಹಿಂದಿನ ತಟ್ಟೆಯಿಂದ ಸ್ವಲ್ಪ ದೂರ ಸರಿಯುತ್ತದೆ, ಸ್ಪ್ರಿಂಗು ಎಳೆದುಕೊಳ್ಳುತ್ತದೆ, ರಪ್ಪನೆ ಬಂದು ತಟ್ಟೆಗೆ ಬಡಿಯುತ್ತದೆ. ಅದೇ ಟಪ್ಪು. ಎರಡೂ ಡ್ರಮ್ಮುಗಳನ್ನು ಒಂದೇ ಖರಾದಿನಲ್ಲಿ ಒಂದೇ ರೀತಿ ಕೆತ್ತಿದ್ದರಿಂದ ಸುರುಳಿ ಎರಡರಲ್ಲೂ ಒಂದೇ ಬಗೆಯದು. ಆದರೆ ಗಾಡಿಯ ಎಡಬಲಗಳಲ್ಲಿ ಅವು ಎದುರುಬದುರಾಗಿ ನಿಂತಿರುವುದರಿಂದ ಒಂದು ಶೂವನ್ನು ಹೊರಕ್ಕೆ ಸೆಳೆಯುವ ತಿರುಗಾಟ ಇನ್ನೊಂದನ್ನು ಒಳಕ್ಕೆ ಒತ್ತುತ್ತದೆ. ಹಿಂದಕ್ಕೆ ಸರಿಸಿದರೆ ಪಾತ್ರಗಳು ಅದಲುಬದಲು. ಭೂತ ಬಿಟ್ಟುಹೋಯಿತು.

ಮದ್ದು ಸರಳ. ಎಮರಿ ಕಾಗದದಿಂದ ಗೆರೆಗೆ ಅಡ್ಡಲಾಗಿ, ಉಗುರಿಗೆ ತಾಕದವರೆಗೆ ಉಜ್ಜುವುದು; ಹಿಂದಿನ ತಟ್ಟೆಯಲ್ಲಿ ಶೂ ಒರಗುವ ಉಬ್ಬುಗಳಿಗೆ ಜೋಳದ ಕಾಳಿನಷ್ಟು ಗ್ರೀಸು. ಅದಕ್ಕಿಂತ ಹೆಚ್ಚಾದರೆ ಲೈನರಿಗೆ ಹತ್ತಿ ಬ್ರೇಕೇ ಹೋದೀತು.

ಉಜ್ಜಲು ಕೂರುವ ಮೊದಲು ಉಸ್ತಾದರು ವಾಡಿಕೆಯಂತೆ ಡ್ರಮ್ಮನ್ನು ಮುಖದ ಹತ್ತಿರ ತಂದು ಬಾಯಿಯಿಂದ ಊದಿದರು. ಕರಿಯ ಹುಡಿ ಮೋಡದಂತೆ ಎದ್ದಿತು. ರಾತ್ರಿ ಓದಿದ್ದು ನನ್ನ ತಲೆಯಲ್ಲಿ ಬಿಸಿಯಾಗಿಯೇ ಇತ್ತು. ಫ್ರೂಡನು ಬ್ರೇಕಿನ ಬಾಯಿ ಮುಚ್ಚಿಸಲು ತಂದ ಕಲ್ನಾರಿನ ಹುಡಿ ಶ್ವಾಸಕೋಶದಲ್ಲಿ ಕುಳಿತರೆ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರಾಗಿ ಏಳಬಲ್ಲದು. ಬ್ರಿಟನ್ನು ೧೯೯೯ರಲ್ಲಿ ಅದರ ಬಳಕೆಯನ್ನೇ ನಿಷೇಧಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ, ಕಲ್ನಾರಿನ ಕಾರ್ಖಾನೆಯ ಕೆಲಸಗಾರರ ಆರೋಗ್ಯವು ಅವರ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತು, ಅವರ ಆರೋಗ್ಯದ ದಾಖಲೆಗಳನ್ನು ದಶಕಗಳ ಕಾಲ ಕಾಪಾಡಬೇಕೆಂದಿತು. ಒಳ್ಳೆಯ ತೀರ್ಪು. ಆದರೆ ಹೆದ್ದಾರಿಯ ಅಂಚಿನಲ್ಲಿ ತಗಡಿನ ಕೆಳಗೆ ಕುಳಿತವರ ದಾಖಲೆಯನ್ನು ಯಾರು ಇಟ್ಟಿದ್ದಾರೆ? ನನ್ನ ಹೊಸ ಲೈನರಿನ ಡಬ್ಬಿಯ ಮೇಲೆ ಕಲ್ನಾರಿಲ್ಲವೆಂದು ಅಚ್ಚಾಗಿದೆ. ಅವರು ಇಷ್ಟು ವರ್ಷ ಬಿಚ್ಚಿದ ಹಳೆಯ ಲೈನರುಗಳ ಡಬ್ಬಿಯ ಮೇಲೆ ಏನಿತ್ತೋ?

‘ಉಸ್ತಾದ್, ಊದಬೇಡಿರಿ. ಒದ್ದೆ ಬಟ್ಟೆಯಿಂದ ಒರೆಸಿರಿ’ ಎಂದು ಕಾರಣವನ್ನೂ ಹೇಳಿದೆ.

ಅವರು ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡಿದರು.

‘ಐವತ್ತು ವರ್ಷ ಊದೀನ್ರಿ ಸರ. ನಮ್ ಉಸ್ತಾದರೂ ಊದೇ ಹೋದ್ರು. ಕೆಮ್ಮಿ ಕೆಮ್ಮಿ ಹೋದ್ರು. ಬೀಡಿ ಅಂದ್ರು ಡಾಕ್ಟರ್. ಅವರು ಬೀಡಿ ಸೇದತಿರಲಿಲ್ಲ.’

ನಾನು ಏನೂ ಹೇಳಲಾರದೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವರು ಬಕೆಟ್ಟಿನತ್ತ ಕೈಮಾಡಿ, ಕೆಲಸ ಕಲಿಯುತ್ತಿದ್ದ ಮೊಮ್ಮಗನಿಗೆ, ‘ಏ, ಅರಬಿ ಹಸಿ ಮಾಡ್ಕೊಂಡು ಬಾ. ನೀ ಊದಬ್ಯಾಡ ಇನ್ಮ್ಯಾಲ, ತಿಳೀತಿಲ್ಲೋ?’ ಎಂದರು. ಹುಡುಗ ಅರಿವೆ ತೋಯಿಸಿ ತಂದ. ಉಳಿದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಮಜೂರಿ ಕೇಳಿದಾಗ ಊರಿನ ಗ್ಯಾರೇಜಿನವರು ತೆಗೆದುಕೊಂಡದ್ದರ ಕಾಲುಭಾಗವನ್ನೂ ಅವರು ಹೇಳಲಿಲ್ಲ.

ಸೋಮವಾರ ಇತಿಹಾಸದ ಮೇಡಮ್ಮು ಮತ್ತೆ ನಮ್ಮ ಜೊತೆ ಬಂದರು. ಸಂಜೆ ಹಿಂದಿರುಗುವಾಗ ಹಿಂದಿನ ಸೀಟಿನಲ್ಲಿ, ಮಕ್ಕಳಿಗೆಂದು ಕೊಂಡ ಕೆಂಪು ಬಾಳೆಯ ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆಹೋಗಿದ್ದರು. ಮಹಾಗಾಂವ್ ಕ್ರಾಸಿನಲ್ಲಿ ಮತ್ತೆ ಎಮ್ಮೆಗಳು ಅಡ್ಡ ಬಂದವು. ನಾನು ಬ್ರೇಕು ತುಳಿದೆ. ಗಾಡಿ ನಿಂತಿತು. ಅವರಿಗೆ ಎಚ್ಚರವಾಗಲಿಲ್ಲ.