ಬೆತ್ತ ಬಿಟ್ಟ ಮೇಲೆ

ನಾನು ಕೈಲಾಂಚ ಹೋಬಳಿಯಲ್ಲಿ ಪ್ರೌಢಶಾಲೆ ಮೇಷ್ಟ್ರಾಗಿದ್ದ ಮೊದಲ ವರ್ಷಗಳಲ್ಲಿ ಹುಡುಗರ ಹತೋಟಿ ಎಂದರೆ ಬೆತ್ತವೇ. "ಎರಡು ಬಿಡಿ ಸಾ, ಬುದ್ಧಿ ಬರ್ಲಿ" ಎಂದು ಅಪ್ಪಂದಿರೇ ಹೇಳಿಹೋಗುತ್ತಿದ್ದರು. ಆ ಶಿಸ್ತು ಮೇಷ್ಟ್ರು ಕಣ್ಣೆದುರಿಗೆ ಇರುವಷ್ಟು ಹೊತ್ತಿನದು. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನು ನಿಷೇಧಿಸಿತು. ಬೆತ್ತ ಬಿಟ್ಟು ಏನು ಹಿಡಿಯಬೇಕೆಂಬುದಕ್ಕೆ ಉತ್ತರ ಮಾತ್ರ ಅದಕ್ಕೂ ಬಹಳ ಹಿಂದೆಯೇ ಹುಟ್ಟಿತ್ತು.

1971ರಲ್ಲಿ ಮನಃಶಾಸ್ತ್ರಜ್ಞರಾದ ಡೊನಾಲ್ಡ್ ಮೈಕೆನ್‌ಬಾಮ್ ಮತ್ತು ಜೋಸೆಫ್ ಗುಡ್‌ಮನ್, ದುಡುಕುವ ಮಕ್ಕಳಿಗೆ ತಮ್ಮೊಡನೆ ತಾವೇ ಮಾತಾಡಿಕೊಳ್ಳಲು ಕಲಿಸುವ ಕ್ರಮವನ್ನು ಪ್ರಕಟಿಸಿದರು. ಮೊದಲು ದೊಡ್ಡವರು ಗಟ್ಟಿಯಾಗಿ ಹೇಳುತ್ತಾ ಕೆಲಸ ಮಾಡಿ ತೋರಿಸುತ್ತಾರೆ. ಆಮೇಲೆ ಮಗು ತಾನೇ ಗಟ್ಟಿಯಾಗಿ, ನಂತರ ಪಿಸುಮಾತಿನಲ್ಲಿ, ಕೊನೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತದೆ. ನಾವು ಮಗ್ಗಿ ಕಲಿತದ್ದೂ ಹೀಗೇ ಅಲ್ಲವೇ? 1975ರಲ್ಲಿ ರೇಮಂಡ್ ನೊವಾಕೊ ಕೋಪದ ಹತೋಟಿಗೂ ಇಂಥದೇ ದಾರಿ ತೋರಿದರು.

ನಮ್ಮ ಕಡೆ ಈ ವಿದ್ಯೆಯ ಮನೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿತ್ತು. ಅಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ಮಾಳವಿಕಾ ಕಪೂರ್ ಮಕ್ಕಳ ಮನಸ್ಸಿನ ಆರೈಕೆಯನ್ನು ಶಾಲೆಗಳತ್ತ ತಂದರು. ಅಲ್ಲಿಯವರೇ ಆದ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಪಾಠಗಳನ್ನು ಹದಿಹರೆಯದವರಿಗೆ ಮೇಷ್ಟ್ರೇ ನಡೆಸಬೇಕಿತ್ತು. ನನಗೆ ಇದು ಬಹಳ ಮುಖ್ಯವೆನಿಸುತ್ತದೆ. ಹಳ್ಳಿ ಹುಡುಗನನ್ನು ಯಾರೂ ಮನಃಶಾಸ್ತ್ರಜ್ಞರ ಬಳಿ ಕರೆದೊಯ್ಯುವುದಿಲ್ಲ; ಮೇಷ್ಟ್ರು ದಿನಾ ಸಿಗುತ್ತಾರೆ. ಪಕ್ಕದ ಚನ್ನಪಟ್ಟಣದವರೇ ಆದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ನಮ್ಮಂಥವರಿಗೆ ಮಾತು ಒದಗಿಸಿದವು.

ಒಂಬತ್ತನೇ ತರಗತಿಯ ಒಬ್ಬ ಹುಡುಗ ಮಾತುಮಾತಿಗೂ ಕೈ ಎತ್ತುತ್ತಿದ್ದ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿದೆ: ಮುಂಚೆ ಏನಾಯ್ತು, ನಾನೇನು ಮಾಡಿದೆ, ಆಮೇಲೆ ಏನು ಸಿಕ್ತು. ಬರೆಯುತ್ತಾ ಹೋದಂತೆ ಜಗಳಗಳೆಲ್ಲ ಒಂದೇ ಕಡೆ ಗುಡ್ಡೆಯಾದವು. ಅವನ ಮನೆಯ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದು ಗಬಗಬನೆ ಸೊಪ್ಪು ತಿನ್ನುವ ದಿನಗಳವು. ರಾತ್ರಿ ಹುಳುಮನೆಯಲ್ಲಿ ಸೊಪ್ಪು ಹಾಕಿ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಶಾಲೆಗೆ ಬರುತ್ತಿದ್ದ. ಯಾರಾದರೂ ತೂಕಡಿಸುವವನನ್ನು ರೇಗಿಸಿದರೆ ಹೊಡೆತ. ಹೊಡೆದರೆ ರೇಗಿಸುವುದು ನಿಲ್ಲುತ್ತಿತ್ತು. ಹೊಡೆತದಿಂದ ಅವನಿಗೆ ಲಾಭವಿತ್ತು, ಅದಕ್ಕೇ ಅದು ಬೇರೂರಿತ್ತು.

ಅಪ್ಪನ ಜೊತೆ ಮಾತಾಡಿ ರಾತ್ರಿಯ ಸರದಿಯಿಂದ ಅವನನ್ನು ಬಿಡಿಸಿದೆವು. "ತಡಿ, ಉಸ್ರು ತಗೋ, ಎದ್ದೋಗು" ಎಂಬ ಮಾತನ್ನು ಅವನೇ ಕಟ್ಟಿಕೊಂಡ. ಗಟ್ಟಿಯಾಗಿ ಅಭ್ಯಾಸ ಮಾಡಿದ. ಎದ್ದು ಹೋದ ಪ್ರತಿ ಸಲವೂ ನೋಟ್‌ಬುಕ್ಕಿಗೆ ಗುರುತು. ವಾರದ ಗುರುತುಗಳಿಗೆ ವಾಲಿಬಾಲ್ ತಂಡ ಕಟ್ಟುವ ಹಕ್ಕು. ಜಗಳ ಪೂರ್ತಿ ನಿಲ್ಲಲಿಲ್ಲ, ಅಪರೂಪವಾಯಿತು.

ಹೊಡೆದಾಡುವವನು ಬೇಗ ಕಣ್ಣಿಗೆ ಬೀಳುತ್ತಾನೆ. ಸಿಟ್ಟು ಬಂದಾಗ ಊಟ ಬಿಡುವ, ಮಾತು ಬಿಡುವ ಹೆಣ್ಣುಮಕ್ಕಳು ಕಣ್ಣಿಗೆ ಬೀಳುವುದಿಲ್ಲ. ಆ ಮೂರು ಕಾಲಂ ಅವರ ಕೈಗೂ ಹೋಗಬೇಕೆಂದು ತರಬೇತಿಗಳಲ್ಲಿ ಪಟ್ಟುಹಿಡಿದು ಕೇಳುತ್ತಿದ್ದೆ, ಈಗಲೂ ಕೇಳುತ್ತೇನೆ.